ಕಸುಬಿನ ಶಾಲೆಯ ಹೊಸ್ತಿಲು

ಒಂದು ವಿದ್ಯಾಸಂಸ್ಥೆ ಎಲ್ಲರಿಗೂ ತೆರೆದಿದೆಯೆಂದು ಹೇಳುವುದು ಸುಲಭ. ಅದರ ಹೊಸ್ತಿಲು ಎಷ್ಟು ಎತ್ತರವಾಗಿದೆಯೆಂಬುದು ಒಳಗೆ ಕುಳಿತವರಿಗಿಂತ, ದಾಟಲಾರದೆ ಹೊರಗೆ ನಿಂತವರಿಗೆ ಚೆನ್ನಾಗಿ ತಿಳಿದಿರುತ್ತದೆ. ವೃತ್ತಿಶಿಕ್ಷಣದ ವಿಷಯದಲ್ಲಿ ಈ ಮಾತು ಇನ್ನೂ ನಿಜ; ಏಕೆಂದರೆ ಬೇಗನೆ ದುಡಿಮೆಗೆ ಇಳಿಯಬೇಕಾದ ಬಡವರ ಮಕ್ಕಳೇ ಅದನ್ನು ಹೆಚ್ಚಾಗಿ ಅರಸಿ ಬರುತ್ತಾರೆ. ನಮ್ಮ ನಾಡಿನಲ್ಲಿರುವ ಕೆಲವು ಶಿಕ್ಷಣಕ್ರಮಗಳನ್ನು ಈ ದೃಷ್ಟಿಯಿಂದ ಹೋಲಿಸಿ ನೋಡಬಹುದು.

ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಮೂರು ವರ್ಷಗಳ ಶಿಕ್ಷಣ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕೆಂಬುದು ಮೊದಲ ನಿಯಮ. ಅದನ್ನು ಮುಗಿಸಿದವರು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ದಾರಿ ದೂರದವರೆಗೆ ಹೋಗುತ್ತದೆ, ನಿಜ; ಆದರೆ ಇಂಗ್ಲಿಷಿನ ಪಠ್ಯಪುಸ್ತಕವನ್ನು ಕಂಡು ಮೊದಲ ವರ್ಷದಲ್ಲಿಯೇ ಎದೆಗುಂದುವ ಹಳ್ಳಿಯ ಮಕ್ಕಳೂ ಉಂಟು.

ಇದಕ್ಕಿಂತ ತಗ್ಗಿನ ಹೊಸ್ತಿಲು ಕೈಗಾರಿಕಾ ತರಬೇತಿ ಸಂಸ್ಥೆಯದು. 1950ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯಿಂದ ಬೆಳೆದುಬಂದ ಈ ಸಂಸ್ಥೆಗಳಿಗೆ 14 ವರ್ಷ ತುಂಬಿದವರು ಸೇರಬಹುದು. ಆದರೆ ಒಂದೇ ಸೂರಿನಡಿಯಲ್ಲಿಯೂ ಎಲ್ಲ ಕಸುಬುಗಳಿಗೆ ಒಂದೇ ನಿಯಮವಿಲ್ಲ. ಎಲೆಕ್ಟ್ರೀಷಿಯನ್ ಆಗಲು ವಿಜ್ಞಾನ ಗಣಿತಗಳೊಡನೆ ಹತ್ತನೆಯ ತರಗತಿ ಮುಗಿದಿರಬೇಕು; ವೈರ್‌ಮನ್ ಆಗಲು ಎಂಟನೆಯ ತರಗತಿ ಸಾಕೆಂಬ ನಿಯಮ ಬಹುಕಾಲದಿಂದ ನಡೆದುಬಂದಿದೆ. ಇಬ್ಬರೂ ಹಿಡಿಯುವುದು ಅದೇ ವಿದ್ಯುತ್ ತಂತಿಯನ್ನೇ! ಹೆಣ್ಣುಮಕ್ಕಳಿಗೆಂದು ಇಲ್ಲಿ ಸ್ಥಾನಗಳನ್ನು ಕಾದಿರಿಸಿದ್ದರೂ ಅವರು ಹೆಚ್ಚಾಗಿ ಹೊಲಿಗೆ, ಕಂಪ್ಯೂಟರ್ ವಿಭಾಗಗಳಲ್ಲಿಯೇ ಕಂಡುಬರುತ್ತಾರೆ. ಲೇತ್ ಯಂತ್ರವು ತನ್ನೆದುರು ನಿಂತವರು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಕೇಳುವವರು ಮನೆಯವರು, ನೆರೆಹೊರೆಯವರು. ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದೂ ಕೆಲವೊಮ್ಮೆ ಕಸುಬನ್ನು ನಿರ್ಧರಿಸುತ್ತದೆ.

ಕಲಿಯುವಾಗಲೇ ಕೈಗೆ ನಾಲ್ಕು ಕಾಸು ಬರುವ ಕ್ರಮವೊಂದಿದೆ. 1961ರ ಶಿಶಿಕ್ಷು ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಅಭ್ಯಾಸಿಯಾಗಿ ಸೇರಿದವರಿಗೆ ಶಿಷ್ಯವೇತನ ಕೊಡಬೇಕು. ಬಡ ಕುಟುಂಬಕ್ಕೆ ಇದು ದೊಡ್ಡ ಅನುಕೂಲ. ಆದರೆ ಕಾರ್ಖಾನೆಗಳಿರುವುದು ಪಟ್ಟಣಗಳಲ್ಲಿ. ದೂರದ ಊರಿನಿಂದ ಬಂದವನ ಶಿಷ್ಯವೇತನದ ಬಹುಭಾಗ ಬಾಡಿಗೆಗೂ ಊಟಕ್ಕೂ ಸವೆದುಹೋಗುತ್ತದೆ.

ಈ ಊಟವಸತಿಯ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟದ್ದು ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆ. ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಸೇರಿ 1982ರಲ್ಲಿ ಅಲ್ಲಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ಗ್ರಾಮೀಣ ಯುವಜನರನ್ನು ತನ್ನಲ್ಲಿಯೇ ಇರಿಸಿಕೊಂಡು, ಉಚಿತವಾಗಿ ಊಟವಸತಿಯನ್ನೊದಗಿಸಿ, ಕೆಲವು ವಾರಗಳಲ್ಲಿ ಕಸುಬನ್ನು ಕಲಿಸುತ್ತದೆ. ಕಲಿತವರು ಸ್ವಂತ ಉದ್ಯೋಗವನ್ನು ಹೂಡುವವರೆಗೆ ಅವರ ಬೆನ್ನಿಗೆ ನಿಲ್ಲುತ್ತದೆ. ಇದೇ ಮಾದರಿಯಲ್ಲಿ ದೇಶದ ಹಲವು ಜಿಲ್ಲೆಗಳಲ್ಲಿ ಬ್ಯಾಂಕುಗಳು ಸಂಸ್ಥೆಗಳನ್ನು ತೆರೆದವು. ಇನ್ನೂ ಕೆಳಗಿನ ಮೆಟ್ಟಿಲಿನವರಿಗಾಗಿ ಇರುವುದು ಜನ ಶಿಕ್ಷಣ ಸಂಸ್ಥಾನ. 1967ರಲ್ಲಿ ಮುಂಬಯಿಯಲ್ಲಿ ಶ್ರಮಿಕ ವಿದ್ಯಾಪೀಠವೆಂಬ ಹೆಸರಿನಿಂದ ಮೊದಲಾದ ಈ ವ್ಯವಸ್ಥೆ, ಅಕ್ಷರ ಬಾರದವರಿಗೂ ಶಾಲೆ ಬಿಟ್ಟವರಿಗೂ ಕಸುಬು ಕಲಿಸುತ್ತದೆ.

ಅಂಗವಿಕಲರ ಮಾತು ಬೇರೆಯೇ ಆಗಿದೆ. ಸಾಮಾನ್ಯರಿಗೆ ನಡೆಯುವ ಎಲ್ಲ ವೃತ್ತಿತರಬೇತಿಗಳಲ್ಲಿಯೂ ಅವರನ್ನು ಸೇರಿಸಿಕೊಳ್ಳಬೇಕೆಂದು 2016ರ ಕಾಯಿದೆ ಹೇಳುತ್ತದೆ. ಆದರೆ ಶಿಕ್ಷಕರು ಯಂತ್ರದ ಕಡೆಗೆ ಮುಖ ಮಾಡಿ ವಿವರಿಸುತ್ತಿದ್ದರೆ, ತುಟಿಯ ಚಲನೆಯನ್ನು ನೋಡಿ ಅರ್ಥಮಾಡಿಕೊಳ್ಳುವ ಕಿವುಡ ವಿದ್ಯಾರ್ಥಿಗೆ ಆ ಪಾಠವೇ ಇಲ್ಲ. ಹಲಗೆಯ ಮೇಲೊಂದು ಚಿತ್ರ, ಯಂತ್ರದ ಪಕ್ಕದಲ್ಲಿ ಅಪಾಯ ಸೂಚಿಸುವ ಒಂದು ಕೆಂಪು ದೀಪ: ಇಷ್ಟಕ್ಕೆ ಹೆಚ್ಚು ಹಣವೇನೂ ಬೇಕಾಗಿಲ್ಲ.

ಹಾಗಾದರೆ ತಗ್ಗಿನ ಹೊಸ್ತಿಲೇ ಉತ್ತಮವೇ? ಹಾಗೆ ಹೇಳಲಾಗದು. ಕೆಲವು ವಾರಗಳ ತರಬೇತಿ ಎಲ್ಲರನ್ನೂ ಒಳಗೆ ಕರೆದುಕೊಳ್ಳುತ್ತದೆ. ಆದರೆ ಅಲ್ಲಿಂದ ಮೇಲಿನ ವಿದ್ಯೆಗೆ ಮೆಟ್ಟಿಲಿಲ್ಲ. ಕೈಗಾರಿಕಾ ತರಬೇತಿಯನ್ನು ಎರಡು ವರ್ಷ ಪಡೆದವರಾದರೋ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಲು ಅವಕಾಶವಿದೆ. ಎಂಟನೆಯ ತರಗತಿಗೇ ಓದು ನಿಲ್ಲಿಸಿ ಕಸುಬು ಕಲಿತವರಿಗೂ, 2016ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯೊಡನೆ ಆದ ಒಪ್ಪಂದದಿಂದ, ಉಳಿದ ಕೆಲವು ವಿಷಯಗಳ ಪರೀಕ್ಷೆ ಬರೆದು ಹತ್ತನೆಯ ತರಗತಿಯ ಪ್ರಮಾಣಪತ್ರ ಪಡೆಯುವ ದಾರಿ ತೆರೆಯಿತು.