ಬಾಳೆಯ ನೆರಳಲ್ಲಿ ಅಡಿಕೆ ಸಸಿ

ಪಿಯುಸಿ ಫಲಿತಾಂಶ ಬಂದ ವಾರ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಮನೆಯ ಜಗಲಿಗೆ ಹೋದರೂ ಕವಳದ ಹರಿವಾಣದ ಜೊತೆ ಒಂದು ಪ್ರಶ್ನೆ ಬರುತ್ತದೆ: ‘ಮಾಣಿ ಮುಂದೆ ಎಂತ ಮಾಡ್ತ?’ ಉತ್ತರ ಹೇಳುವವರು ಅಪ್ಪ, ದೊಡ್ಡಪ್ಪ, ಇಲ್ಲವೇ ಬೆಂಗಳೂರಿನಿಂದ ಫೋನಿನಲ್ಲಿ ಮಾವ. ಮಾಣಿಯಾಗಲಿ ಕೂಸಾಗಲಿ, ನೀವು ಮಾತ್ರ ಕಂಬಕ್ಕೆ ಒರಗಿ ಸುಮ್ಮನೆ ನಿಂತಿರುತ್ತೀರಿ. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಹಾಗೆ ನಿಂತ ಎಷ್ಟೋ ಮಕ್ಕಳ ಮುಖ ಇನ್ನೂ ನೆನಪಿದೆ. ಅದಕ್ಕೇ ಈ ಮಾತು ನಿಮ್ಮ ಹತ್ತಿರವೇ ಆಡುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಊರಲ್ಲಿ ಯಾರ ಪಂಪ್‌ಸೆಟ್ ಕೆಟ್ಟರೂ ಅವನನ್ನೇ ಕರೆಯುತ್ತಿದ್ದರು. ಪರೀಕ್ಷೆಯಲ್ಲಿ ಅಂಕವೂ ಚೆನ್ನಾಗಿ ಬಂತು. ‘ಸೈನ್ಸ್ ಕೊಡಿಸಿ, ಎಂಜಿನಿಯರ್ ಆಗಲಿ’ ಎಂದು ಅವನ ಅಪ್ಪನನ್ನು ಒಪ್ಪಿಸಿದವನು ನಾನೇ. ಹುಡುಗನನ್ನು ಕೇಳಲಿಲ್ಲ. ಅವನು ಪಿಯುಸಿಯಲ್ಲಿ ಎರಡು ಸಲ ನಪಾಸಾದ. ನಾನು ಎದುರಿಗೆ ಬಂದರೆ ತಲೆ ತಗ್ಗಿಸಿ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ. ಕೊನೆಗೆ ತಾನೇ ವಿಚಾರಿಸಿಕೊಂಡು ಐಟಿಐ ಸೇರಿದ, ಅಲ್ಲಿಂದ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಹೋದ. ಇಂದು ಅವನದೇ ವರ್ಕ್‌ಶಾಪ್ ಇದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೂ ಸೇರಬಹುದು. ಈ ದಾರಿಯನ್ನು ಮಾಸ್ತರನಾಗಿ ನಾನು ತಿಳಿದಿರಬೇಕಿತ್ತು. ಅವನ ಆ ಎರಡು ವರ್ಷ ನನ್ನ ಲೆಕ್ಕದಲ್ಲಿದೆ.

ಅಂದಿನಿಂದ ಯಾರು ಕೇಳಿದರೂ ಇಷ್ಟು ಹೇಳುತ್ತೇನೆ: ಕೆಲಸದ ಹೆಸರು ಕೇಳಿ ಮನಸ್ಸು ಕೊಡಬೇಡಿ. ಆ ಕೆಲಸದವರ ಒಂದು ಸಾದಾ ದಿನವನ್ನು ಬೆಳಗ್ಗೆಯಿಂದ ಸಂಜೆವರೆಗೆ ನೋಡಿ ಬನ್ನಿ. ಕಾಡಿನ ಓದು ಬೇಕೆನ್ನುವವರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಲ್ಲೇ ಇದೆ. ಅಲ್ಲಿ ಓದುತ್ತಿರುವವರ ಜೊತೆ ಒಂದು ದಿನ ಕಳೆಯಿರಿ. ಕಾಮರ್ಸ್ ಓದಿ ಏನಾಗುತ್ತದೆ ಎನ್ನುವವರು ಅಡಿಕೆ ಸುಗ್ಗಿಯಲ್ಲಿ ಶಿರಸಿಯ ಬೆಳೆಗಾರರ ಸಹಕಾರಿ ಮಾರಾಟ ಸಂಘ ಟಿಎಸ್‌ಎಸ್ ಅಂಗಳಕ್ಕೆ ಹೋಗಿ ನಿಂತುಕೊಳ್ಳಿ. ಬೆಳೆಗಾರರು ದಲ್ಲಾಳಿಗಳ ಕೈಯಲ್ಲಿ ಸಿಕ್ಕಿದ್ದ ಕಾಲದಲ್ಲಿ, 1923ರಲ್ಲಿ, ಕಡವೆ ಶ್ರೀಪಾದ ಹೆಗಡೆಯವರು ಮುಂದೆ ನಿಂತು ಕಟ್ಟಿದ ಸಂಘ ಅದು. ರಾಶಿ, ಬೆಟ್ಟೆ, ಚಾಲಿ ಎಂದು ಬೇರೆ ಮಾಡುವ ಕಣ್ಣು, ತೂಕ, ಟೆಂಡರ್, ಸಾಲದ ಲೆಕ್ಕ, ಹೀಗೆ ಎಷ್ಟು ಬಗೆಯ ವಿದ್ಯೆಗೆ ಅಲ್ಲಿ ಕೆಲಸವಿದೆ ಎಂದು ಕಣ್ಣಾರೆ ಕಾಣುತ್ತದೆ.

ತೋಟಕ್ಕೇ ಬರುತ್ತೇನೆ ಎನ್ನುವವರಿಗೂ ಇದೇ ಮಾತು. ದೀಪಾವಳಿ ರಜೆಯ ತೋಟ ನೋಡಿ ನಿರ್ಧರಿಸಬೇಡಿ, ಆಷಾಢದ ತೋಟ ನೋಡಿ. ಕೊಳೆರೋಗ ಕಾಯುತ್ತಾ ನಿಂತಿರುತ್ತದೆ. ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆಸಬೇಕು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮತ್ತೆ 40-45 ದಿನಕ್ಕೆ ಇನ್ನೊಮ್ಮೆ. ಆ ದಿನ ಮರ ಹತ್ತುವ ಕೊನೆಗೌಡ ಬರದಿದ್ದರೆ ಏನು ಮಾಡುತ್ತೀರಿ? ಐದು ವರ್ಷದ ಫಸಲು ಎಷ್ಟು, ಸೊಸೈಟಿ ಸಾಲ ಎಷ್ಟು? ಇದಕ್ಕೆಲ್ಲ ಉತ್ತರ ಬರೆದುಕೊಂಡು ಬಂದವರನ್ನು ನಾನು ಎರಡೂ ಕೈ ಚಾಚಿ ಕರೆಯುತ್ತೇನೆ. ತೋಟದಲ್ಲಿರುವ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ ಎಂಬ ಮಾತು ನಿಮ್ಮನ್ನು ನೋಯಿಸುತ್ತದೆಂದು ಬಲ್ಲೆ. ನನ್ನನ್ನೂ ನೋಯಿಸುತ್ತದೆ. ಲೆಕ್ಕ ಗಟ್ಟಿಯಿದ್ದವನ ಮನೆಗೆ ಬರುವ ಕೂಸೂ ಆ ಲೆಕ್ಕ ಕೇಳಿಯೇ ಬರಲಿ, ಅದರಲ್ಲಿ ತಪ್ಪಿಲ್ಲ. ಸಣ್ಣದಾಗಿ ಶುರುಮಾಡಿ ಊರಲ್ಲೇ ಬೆಳೆದವರೂ ಇದ್ದಾರೆ. ನಮ್ಮ ಜಿಲ್ಲೆಯ ಜೇನು ಕೃಷಿಕ ಮಧುಕೇಶ್ವರ ಹೆಗಡೆಯವರ ಹೆಸರನ್ನು 2022ರ ಜುಲೈಯಲ್ಲಿ ಪ್ರಧಾನಿಗಳು ‘ಮನ್ ಕೀ ಬಾತ್’ನಲ್ಲಿ ಹೇಳಿದರು. ಆಗ ಅವರು ಎಂಟುನೂರಕ್ಕೂ ಹೆಚ್ಚು ಜೇನು ಕುಟುಂಬಗಳ ಯಜಮಾನರಾಗಿದ್ದರು. ಸರ್ಕಾರದ ಸಹಾಯಧನ ಪಡೆದು ಅವರು ತಂದದ್ದು ಐವತ್ತು. ನಿಮ್ಮ ಲೆಕ್ಕದ ಮೊದಲ ಸಾಲಿಗೆ ಆ ಐವತ್ತು ಸಾಕು.

ತೋಟವಿಲ್ಲದ ಮನೆಯ ಮಕ್ಕಳೇ, ನಿಮ್ಮನ್ನು ಮರೆತಿಲ್ಲ. 1982ರಲ್ಲಿ ಉಜಿರೆಯ ರುಡ್‌ಸೆಟ್‌ನಲ್ಲಿ ಶುರುವಾದ ಮಾದರಿಯ ಸ್ವಉದ್ಯೋಗ ತರಬೇತಿ ಕೇಂದ್ರ ಈಗ ಪಕ್ಕದ ಹಳಿಯಾಳದಲ್ಲೂ ಇದೆ. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಯಲ್ಲಾಪುರದ ಸಿದ್ದಿ ಮಕ್ಕಳು ಜಾತಿ ಪ್ರಮಾಣಪತ್ರ ಇಂದೇ ಮಾಡಿಸಿಟ್ಟುಕೊಳ್ಳಿ. 2003ರಲ್ಲಿ ನಿಮ್ಮ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತು, ಕಾಲೇಜು ಸೀಟು, ವಿದ್ಯಾರ್ಥಿವೇತನ ನಿಮ್ಮ ಹಕ್ಕು.

ಕಾಗದಪತ್ರದ ಮಾತನ್ನು ಸಣ್ಣದೆಂದು ತಳ್ಳಬೇಡಿ. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಮೀಸಲಾತಿಯಿದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಕಚೇರಿಯ ಸಹಿ ಬೇಕು, ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಕೊನೆಯ ವಾರ ಓಡಾಡಿ ಸೀಟು ಕಳೆದುಕೊಂಡವರನ್ನು ಕಂಡಿದ್ದೇನೆ.

ಹೊಸ ತೋಟ ಹಾಕುವಾಗ ಅಜ್ಜಂದಿರು ಏನು ಮಾಡುತ್ತಿದ್ದರು? ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಅಲ್ಲಿವರೆಗೆ ಸಾಲಿನ ನಡುವೆ ಬಾಳೆ ನೆಡುತ್ತಿದ್ದರು. ಎಳೆ ಸಸಿಗೆ ಬಿಸಿಲು ತಾಗದ ಹಾಗೆ ನೆರಳೂ ಆಯಿತು, ಮನೆ ಖರ್ಚಿಗೆ ಗೊನೆಯೂ ಬಂತು. ನಿಮ್ಮ ಯೋಜನೆಯನ್ನೂ ಹಾಗೆ ಬರೆಯಿರಿ. ಐದು ವರ್ಷಕ್ಕೆ ಎಲ್ಲಿ ನಿಲ್ಲಬೇಕು, ಅಲ್ಲಿವರೆಗೆ ಕೈಖರ್ಚಿಗೆ ಯಾವ ಬಾಳೆ? ಟೈಪಿಂಗ್, ಟ್ಯೂಷನ್, ವೈರಿಂಗ್, ಹೊಲಿಗೆ, ಯಾವುದಾದರೂ ಆದೀತು. ಬಾಳೆಯೇ ತೋಟವೆಂದು ಸಸಿಗೆ ನೀರು ಬಿಡುವುದನ್ನು ಮರೆಯಬೇಡಿ.

ಇವತ್ತು ರಾತ್ರಿ ಊಟವಾಗಿ ಅಪ್ಪ ಕವಳ ಹಾಕಿ ಕೂತಾಗ ಹೋಗಿ ಪಕ್ಕದಲ್ಲಿ ಕೂರಿ. ‘ನನ್ನ ಓದಿಗೆ ವರ್ಷಕ್ಕೆ ಎಷ್ಟು ಹೊಂದಿಸಲಿಕ್ಕೆ ಆಗ್ತದೆ?’ ಎಂದು ಕೇಳಿ. ಅಪ್ಪ ಮೊದಲು ರೇಗಬಹುದು, ಎದ್ದು ಹೋಗಬೇಡಿ. ಆಯಿಯನ್ನೂ ಕರೆದು ಕೂರಿಸಿಕೊಳ್ಳಿ. ಸಾಲದ ಕಂತು ಎಷ್ಟು, ಯಾವ ತಿಂಗಳಲ್ಲಿ ಕೈ ಬಿಗಿ ಎಂದು ಆ ಮನೆಯಲ್ಲಿ ಸರಿಯಾಗಿ ಗೊತ್ತಿರುವುದು ಅವಳಿಗೆ.