ಗ್ಯಾರಂಟಿ ಕೋರ್ಸಿನ ಕಂತು, ಮೊದಲ ಸಂಬಳದ ಲೆಕ್ಕ

ಸಾಫ್ಟ್‌ವೇರ್ ಕಂಪನಿಗೆ ಹೊಸ ಪದವೀಧರರು ಸೇರುವ ದಾರಿ ಎರಡು. ಒಂದು ಕ್ಯಾಂಪಸ್ ಆಯ್ಕೆ, ಇನ್ನೊಂದು ಅಭ್ಯರ್ಥಿಯೇ ಹುಡುಕಿ ಅರ್ಜಿ ಹಾಕುವ ಆಫ್ ಕ್ಯಾಂಪಸ್. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಿಸಿಎ, ಬಿಎಸ್ಸಿ ಮುಗಿಸಿದವರಿಗೆ ಎರಡನೆಯದೇ ಹೆಚ್ಚಾಗಿ ಒದಗುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ 60, ಬ್ಯಾಕ್‌ಲಾಗ್ ಇರಬಾರದು ಎಂಬುದು ಅನೇಕ ಕಂಪನಿಗಳ ಷರತ್ತು. ಅದಾದ ಮೇಲೆ ಆನ್‌ಲೈನ್ ಪರೀಕ್ಷೆ, ಸಂದರ್ಶನ.

ಖರ್ಚು ಹುಟ್ಟುವುದು ಅರ್ಜಿಯಿಂದಲ್ಲ, ಅದಕ್ಕೂ ಮೊದಲಿನ ಕೋರ್ಸಿನಿಂದ. ಹೊಳಲ್ಕೆರೆಯ ಈ ಅಂಕಣಕಾರ ಮಗಳನ್ನು ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿ, ಸಾಲದ ಪತ್ರಕ್ಕೆ ಸಹ ಸಾಲಗಾರನಾಗಿ ಸಹಿ ಹಾಕಿದ್ದು ‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಎಂಬ ಎರಡು ಪದ ನಂಬಿ. ಕರಾರಿನ ಒಳಪುಟದಲ್ಲಿ ಆ ಗ್ಯಾರಂಟಿಗೆ ಮೂರು ಸಂದರ್ಶನ ಕೊಡಿಸುವುದು ಎಂದಷ್ಟೇ ಅರ್ಥವಿತ್ತು. ಸಹಿಗೆ ಮೊದಲು ಆ ಪುಟ ಓದಿರಲಿಲ್ಲ.

ಶುಲ್ಕ 1,20,000 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿ 1,41,600. ಬಡ್ಡಿ ಶೇ 12, ಫ್ಲ್ಯಾಟ್, 24 ಕಂತು. ಫ್ಲ್ಯಾಟ್ ಎಂದರೆ ಅಸಲು ಎಷ್ಟೇ ಕರಗಿದರೂ ಮೊದಲ ದಿನದ ಮೊತ್ತಕ್ಕೇ ಬಡ್ಡಿ: ಎರಡು ವರ್ಷಕ್ಕೆ 33,984. ಒಟ್ಟು 1,75,584, ತಿಂಗಳಿಗೆ 7,316. ಕರಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ಬಡ್ಡಿ ದರ ಶೇ 21ನ್ನೂ ದಾಟುತ್ತದೆ. ಮಗಳಿಗೆ ಕೆಲಸ ಸಿಕ್ಕಿದ್ದು ಹನ್ನೊಂದು ಕಂತು ಕಟ್ಟಿದ ಮೇಲೆ. ಅಷ್ಟರಲ್ಲಿ 80,476 ರೂಪಾಯಿ, ಪೂರ್ತಿ ಅಡಿಕೆ ಮಾರಿದ ಹಣ, ಹೋಗಿತ್ತು. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯ 3,000 ಬಂದರೂ ಇಂಥ ಕಂತಿನ ಅರ್ಧಕ್ಕೆ ಸಾಲದು. ಆ ಕೆಲಸವೂ ತರಬೇತಿ ಕೇಂದ್ರ ಕೊಡಿಸಿದ್ದಲ್ಲ. ಯಾರು ಬೇಕಾದರೂ ಬರೆಯಬಹುದಾದ ಪರೀಕ್ಷೆಯಿಂದ ಬಂದದ್ದು.

ವರ್ಷದ ಸಿಟಿಸಿ (ಕಂಪನಿಗೆ ತಗಲುವ ಒಟ್ಟು ವೆಚ್ಚ) 3.6 ಲಕ್ಷ ಎಂದರೆ ತಿಂಗಳಿಗೆ 30,000 ಕೈಗೆ ಬರುವುದಿಲ್ಲ. ಬೇಸಿಕ್ 15,000 ಇದ್ದರೆ ಎರಡೂ ಕಡೆಯ ಪಿಎಫ್ 3,600, ಗ್ರಾಚ್ಯುಟಿ ಸುಮಾರು 720, ವೃತ್ತಿ ತೆರಿಗೆ 200 ಕಳೆದು ಉಳಿಯುವುದು 25,480ರ ಆಸುಪಾಸು. ಪಿಜಿಗೆ 8,000, ಕಂತಿಗೆ 7,316 ಹೋದರೆ ಹತ್ತು ಸಾವಿರ. ಅದರಲ್ಲೇ ಊಟ, ಬಸ್ಸು, ಹಬ್ಬಕ್ಕೆ ಊರಿಗೆ ಬರಲು ಚಿಕ್ಕಜಾಜೂರಿನವರೆಗಿನ ರೈಲು. ಸಂಬಳವಿಲ್ಲದ ಮನೆಯ ಮೇಲೆ ಕಂತು ಹೊರಿಸುವ ಇಂಥ ಕೋರ್ಸು ಯಾವ ಬಡ್ಡಿಗೂ ಬೇಡ. ಸಾಲಕ್ಕೆ ‘ಸ್ಕಾಲರ್‌ಶಿಪ್’ ಎಂದು ಹೆಸರಿಟ್ಟು ಮಾರುವವರ ಜೊತೆ ಮಾತನ್ನೇ ಬೆಳೆಸಬಾರದು.

ಕಲಿಯಲು ಸಾಲ ಬೇಕಿಲ್ಲ. ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ಪಾಠ ಉಚಿತ, ಶುಲ್ಕವಿರುವುದು ಪ್ರಮಾಣಪತ್ರದ ಪರೀಕ್ಷೆಗೆ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ. ದಿನಕ್ಕೆ ಎರಡು ಗಂಟೆ ಕೂತು ಕಲಿಯುವ ರೂಢಿಯನ್ನು ಮಾತ್ರ ಯಾವ ಸಾಲವೂ ತಂದುಕೊಡದು. ಬೆಳಿಗ್ಗೆ ಕರೆಂಟು ಹೋಗುವ ಮೊದಲೇ ಕೂತವರು ಮುಂದೆ ಹೋಗುತ್ತಾರೆ.

ದಾಖಲೆಗಳನ್ನೂ ಅರ್ಜಿಗೆ ಮೊದಲೇ ನೋಡಿಕೊಳ್ಳಬೇಕು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್ ಇರುತ್ತದೆ, ಪ್ಯಾನ್‌ನಲ್ಲಿ ಅದು ಬಿಡಿಸಿದ ಹೆಸರಾಗುತ್ತದೆ. ಆಫರ್ ಲೆಟರ್ ಬಂದ ಮೇಲೆ ಪರಿಶೀಲನೆಯಲ್ಲಿ ಇದೇ ತೊಡಕಾಗಿ ಸೇರುವ ದಿನ ಮುಂದೆ ಹೋದರೆ, ಆ ತಿಂಗಳ ಕಂತೂ ಅಡಿಕೆಯ ಹಣದಿಂದಲೇ ಹೋಗಬೇಕು.