ತಟ್ಟೆಯ ಎದುರಿಗಿರುವ ಪೆಟ್ಟಿಗೆ



ಮಗು ಮಿತಿಮೀರಿ ದಪ್ಪಗಾದರೆ ನಾವು ಮೊದಲು ನೋಡುವುದು ಅದರ ತಟ್ಟೆಯನ್ನು. ಹೊಟ್ಟೆಬಾಕತನವು ಏಳು ಪ್ರಧಾನ ಪಾಪಗಳಲ್ಲೊಂದು ಎಂದು ಧರ್ಮೋಪದೇಶದಲ್ಲಿ ಕಲಿತ ನಮಗೆ ಮಗುವಿನ ಮೇಲೆ ತಪ್ಪು ಹೊರಿಸುವುದು ಇನ್ನೂ ಸುಲಭ. ಆದರೆ ಕೆಲವು ಸಂಶೋಧಕರ ಕಣ್ಣು ಹೋದದ್ದು ತಟ್ಟೆಯ ಎದುರಿಗಿದ್ದ ಪೆಟ್ಟಿಗೆಯ ಮೇಲೆ.

ಹೆಚ್ಚು ಹೊತ್ತು ಟಿ.ವಿ. ನೋಡುವ ಮಕ್ಕಳಲ್ಲಿ ಬೊಜ್ಜು ಹೆಚ್ಚು ಎಂದು ಅಮೆರಿಕದ ವಿಲಿಯಂ ಡೀಟ್ಜ್ ಮತ್ತು ಸ್ಟೀವನ್ ಗೋರ್ಟ್‌ಮೇಕರ್ 1985ರಲ್ಲಿ ಪ್ರಕಟಿಸಿದರು. ತರ್ಕಶಾಸ್ತ್ರ ಓದಿದವರು ಇಲ್ಲಿ ಸ್ವಲ್ಪ ತಡೆಯಬೇಕು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಟಿ.ವಿ.ಯಿಂದ ಮಗು ದಪ್ಪವಾಯಿತೋ, ಅಥವಾ ದಪ್ಪಗಿದ್ದ ಮಗು ಗೆಳೆಯರ ಗೇಲಿಗೆ ಅಂಜಿ ಟಿ.ವಿ. ಮುಂದೆ ಕುಳಿತಿತೋ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾ. ಥಾಮಸ್ ರಾಬಿನ್ಸನ್ ಇದನ್ನು ಪ್ರಯೋಗದಿಂದಲೇ ತಿಳಿಯಲು ಹೊರಟರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದ ಎರಡು ಶಾಲೆಗಳು. ಮೂರನೆಯ ಮತ್ತು ನಾಲ್ಕನೆಯ ತರಗತಿಗಳ 192 ಮಕ್ಕಳು. ಒಂದು ಶಾಲೆಯಲ್ಲಿ ಆರು ತಿಂಗಳಲ್ಲಿ 18 ಪಾಠಗಳು ನಡೆದವು. ಹತ್ತು ದಿನ ಟಿ.ವಿ., ವಿಡಿಯೋ ಆಟ ಯಾವುದೂ ಬೇಡ ಎಂಬ ಸವಾಲು. ಆಮೇಲೆ ವಾರಕ್ಕೆ ಏಳೇ ಗಂಟೆ. ಬದಲಿಗೆ ಇಷ್ಟು ಓಡಿ, ಇಷ್ಟು ಆಡಿ ಎಂಬ ಒತ್ತಾಯ ಇರಲಿಲ್ಲ.

ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಪಾಠ ಕೇಳಿದ ಮಕ್ಕಳಲ್ಲಿ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 18.38ರಿಂದ 18.67ಕ್ಕೆ ಏರಿತ್ತು, ಇನ್ನೊಂದು ಶಾಲೆಯಲ್ಲಿ 18.10ರಿಂದ 18.81ಕ್ಕೆ. ಬೆಳೆಯುವ ಮಕ್ಕಳಲ್ಲಿ ಸ್ವಲ್ಪ ಏರಿಕೆ ಸಹಜವೇ, ಗಮನಿಸಬೇಕಾದದ್ದು ಅಂತರವನ್ನು. ಎರಡೇ ಶಾಲೆಗಳ ಪ್ರಯೋಗವೆಂಬ ಮಿತಿಯೂ ಇದಕ್ಕಿದೆ, ಒಪ್ಪೋಣ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ವಿವರ. ಆ ಮಕ್ಕಳ ಓಟ, ಆಟ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಕಡಿಮೆಯಾದದ್ದು ಟಿ.ವಿ. ಮುಂದಿನ ಊಟ. ಬಫಲೋ ನಗರದಲ್ಲಿ ಲಿಯೊನಾರ್ಡ್ ಎಪ್‌ಸ್ಟೀನ್ ಮತ್ತು ಸಂಗಡಿಗರು ನಾಲ್ಕರಿಂದ ಏಳು ವರ್ಷದ 70 ಮಕ್ಕಳಲ್ಲಿ ಒಂದು ಗುಂಪಿನವರ ಟಿ.ವಿ., ಕಂಪ್ಯೂಟರ್ ವೇಳೆಯನ್ನು ಅರ್ಧಕ್ಕೆ ಇಳಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲೂ ಬದಲಾದದ್ದು ಆಟವಲ್ಲ, ತಿನ್ನುವ ಪ್ರಮಾಣ.

ಈಗ ಆ ಪೆಟ್ಟಿಗೆ ಅಂಗೈಗೆ ಬಂದಿದೆ. ತುತ್ತು ಇಳಿಯಲೆಂದು ಮಗುವಿನ ಕೈಗೆ ಮೊಬೈಲ್ ಕೊಡುವವರು ನಾವೇ. ನಾಲ್ಕು ವರ್ಷದ ನಂತರ ಅದೇ ಮಗುವನ್ನು ಡುಮ್ಮ ಎಂದು ಹಂಗಿಸುವವರೂ ನಾವೇ. ಹಂಗಿಸುವುದನ್ನು ಇಂದೇ ಬಿಡಿ. ಊಟದ ಹೊತ್ತಿಗೆ ಪರದೆ ಆರಿಸಿ, ಒಟ್ಟಿಗೆ ಕುಳಿತುಕೊಳ್ಳಿ. ಆ ಶಾಲೆಯ ಮಕ್ಕಳಂತೆ ಮೊದಲ ಹತ್ತು ದಿನ ಪೂರ್ತಿ, ಆಮೇಲೆ ವಾರಕ್ಕೆ ಏಳು ಗಂಟೆ. ಲೆಕ್ಕವನ್ನು ಮಗುವಿನ ಕೈಯಿಂದಲೇ ಬರೆಸಿ. ಅದರಲ್ಲಿ ಅಪ್ಪನ ಮೊಬೈಲಿನ ಗಂಟೆಗಳೂ ಇರಲಿ.